ಓಹಿಯೋದ ಹಣ್ಣು ದಾವಣಗೆರೆಯ ಹಿತ್ತಲಿಗೆ: ತರಿಸುವ ಮುನ್ನ ಓದಿ

ಪೆಟ್ಟಿಗೆಗೆ ಹತ್ತಕ್ಕೆ ಹತ್ತು. ಗಿಡಕ್ಕೆ ನಾಲ್ಕು. ಗಿಡದ ಬಗ್ಗೆ ಬರೆದ ವಿವರಣೆಗೆ ಸೊನ್ನೆ. ಅವಸರದಲ್ಲಿರುವವರು ಇಷ್ಟು ಓದಿ ಮುಂದೆ ಹೋಗಬಹುದು. ವಿಳಾಸ, ಪಿನ್ ಕೋಡ್ ಎಲ್ಲ ತುಂಬಿಸಿ ಹಣ ಕಟ್ಟುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿರುವವರು ಮಾತ್ರ ಸ್ವಲ್ಪ ಕುಳಿತುಕೊಳ್ಳಿ.

ಸರಕು ಇದು: ‘ಅಮೆರಿಕನ್ ಪಾವ್‌ಪಾವ್, ಕಸಿ ಗಿಡ, ಶೆನಾಂಡೋ ತಳಿ, ಎರಡರ ಜೋಡಿ’. ಬೆಲೆ 1,899 ರೂಪಾಯಿ, ಸಾಗಣೆಗೆ ಬೇರೆ 180. ಮಾರಿದವರ ಹೆಸರು ಬರೆಯುವುದಿಲ್ಲ. ಅದೇ ಫೋಟೊ, ಅದೇ ಸಾಲುಗಳು, ಅಕ್ಷರದೋಷಗಳ ಸಮೇತ, ಬೇರೆ ಬೇರೆ ಅಂಗಡಿಗಳ ಹೆಸರಿನಲ್ಲಿ ನನ್ನ ಮೊಬೈಲಿಗೇ ಬಂದಿವೆ. ಒಬ್ಬರನ್ನು ಹೆಸರಿಟ್ಟು ಬೈದರೆ ಉಳಿದವರಿಗೆ ಗಿರಾಕಿ ಕಳಿಸಿಕೊಟ್ಟಂತಾಗುತ್ತದೆ.

ಗಿಡ ಕೊಂಡವಳು ನನ್ನ ಮಗಳು. ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ ಸಂಸಾರ. ಅಲ್ಲಿ ಅವಳ ಮನೆಯ ಹಿಂದೆ ಎರಡು ಪಾವ್‌ಪಾವ್ ಮರಗಳಿವೆ, ಒಂದು ಶೆನಾಂಡೋ, ಇನ್ನೊಂದು ಸಸ್ಕ್ವೆಹಾನ್ನ. ಎರಡೂ ನದಿಗಳ ಹೆಸರು. ನೀಲ್ ಪೀಟರ್ಸನ್ ಎಂಬವರು ವರ್ಷಗಟ್ಟಲೆ ಆಯ್ದು ಬೆಳೆಸಿ ಹೊರತಂದ ತಳಿಗಳಂತೆ. ಪ್ರತಿ ಸೆಪ್ಟೆಂಬರಿನಲ್ಲಿ ವಿಡಿಯೊ ಕರೆ ಮಾಡಿ, ಹಣ್ಣನ್ನು ಸೀಳಿ, ಚಮಚದಲ್ಲಿ ತಿರುಳು ಎತ್ತಿ ತೋರಿಸಿ, “ಅಪ್ಪಾಜಿ, ಸೀತಾಫಲಕ್ಕೆ ಬಾಳೆಹಣ್ಣು, ಮಾವಿನಹಣ್ಣು ಬೆರೆಸಿದ ರುಚಿ” ಎನ್ನುತ್ತಾಳೆ. ತೋರಿಸಿ ತಿನ್ನುವ ಈ ಕ್ರೌರ್ಯ ಅವಳಿಗೆ ತಾಯಿಯ ಕಡೆಯಿಂದ ಬಂದದ್ದು. ಒಮ್ಮೆ ರಜೆಗೆ ಬರುವಾಗ ಬೀಜ ತರುತ್ತೇನೆ ಎಂದಳು. ಬೇಡವೆಂದೆ. 2003ರ ಸಸ್ಯ ಕ್ವಾರಂಟೈನ್ ಆದೇಶವೆಂದು ಒಂದಿದೆ, ಹೊರದೇಶದ ಬೀಜ, ಸಸಿಗಳನ್ನು ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. ನಿವೃತ್ತಿಯಾದ ಸರ್ಕಾರಿ ನೌಕರ ಮಗಳ ಸೂಟ್‌ಕೇಸಿನಲ್ಲಿ ಬೀಜ ತರಿಸಿ ಸಿಕ್ಕಿಬಿದ್ದ ಎಂದಾಗುವುದು ಬೇಡ. ಅದಕ್ಕೇ ಅವಳು ನನ್ನ ಹುಟ್ಟುಹಬ್ಬದ ನೆಪ ಮಾಡಿಕೊಂಡು ಇಲ್ಲಿಯ ಆನ್‌ಲೈನ್ ನರ್ಸರಿಯಿಂದಲೇ ಕಳಿಸಿದಳು. ನನಗೆ ತಿಳಿದದ್ದು ಪೆಟ್ಟಿಗೆ ಬಾಗಿಲಿಗೆ ಬಂದಾಗ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅಂಚೆ ಇಲಾಖೆಯಲ್ಲಿ ಪಾರ್ಸೆಲ್ ಕೌಂಟರಿನಿಂದ ಸಬ್ ಪೋಸ್ಟ್‌ಮಾಸ್ಟರ್ ಕುರ್ಚಿಯವರೆಗೆ ಕೆಲಸ ಮಾಡಿದವನು ನಾನು. ಉಪ್ಪಿನಕಾಯಿ ಭರಣಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತಂದವರನ್ನೂ, ಗಾಜಿನ ದೀಪವನ್ನು ಚುರುಮುರಿ ತುಂಬಿದ ಡಬ್ಬಿಯಲ್ಲಿ ಹೂತು ತಂದವರನ್ನೂ ಕಂಡಿದ್ದೇನೆ. (ಚುರುಮುರಿಯ ಉಪಾಯ ಕೆಟ್ಟದ್ದೇನಲ್ಲ, ಇಲಿ ಹೊಗದಿದ್ದರೆ.) ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಗಿಡದ ಪಾರ್ಸೆಲ್ ನಾನು ನೋಡಿರಲಿಲ್ಲ. ಗಟ್ಟಿ ರಟ್ಟಿನ ಉದ್ದನೆಯ ಪೆಟ್ಟಿಗೆ, ನಾಲ್ಕೂ ಬದಿಗೆ ಗಾಳಿಯ ತೂತು. ತಳದಲ್ಲಿ ಎರಡು ಮರದ ಪಟ್ಟಿ ಅಡ್ಡ ಹೊಡೆದು ಕುಂಡ ಅಲುಗದಂತೆ ಹಿಡಿಸಿದ್ದರು. ಕುಂಡದ ಬಾಯಿಗೆ ರಟ್ಟನ್ನು ದುಂಡಗೆ ಕೊಯ್ದು, ಕಾಂಡದ ಸುತ್ತ ಸೀಳು ಬಿಟ್ಟು, ಅದರ ಕೆಳಗೆ ಒದ್ದೆ ತೆಂಗಿನ ನಾರು ತುಂಬಿದ್ದರು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೂ ಒಂದು ಚಿಟಿಕೆ ಮಣ್ಣು ಉದುರುತ್ತಿರಲಿಲ್ಲ. ತಂದುಕೊಟ್ಟ ಹುಡುಗ ಬಾಣದ ಗುರುತನ್ನು ಲೆಕ್ಕಿಸದೆ ಅಡ್ಡಡ್ಡ ಹೊತ್ತು ತಂದಿದ್ದ, ಆದರೂ ಒಂದು ಎಲೆ ಮುರಿದಿರಲಿಲ್ಲ.

ಎಲ್ಲಕ್ಕಿಂತ ಮೆಚ್ಚಿದ್ದು ಕುಂಡದ ಆಕಾರ. ಸಾಮಾನ್ಯವಾಗಿ ಬರುವ ಗಿಡ್ಡ ಪಾಲಿಥಿನ್ ಚೀಲವಲ್ಲ, ಮೊಳಕೈ ಉದ್ದದ ಕಿರಿದಾದ ಕೊಳವೆ. ಪಾವ್‌ಪಾವ್ ಮೊದಲು ಕೆಳಕ್ಕೆ ತಾಯಿಬೇರು ಇಳಿಸಿ ಆಮೇಲೆ ಮೇಲೆ ನೋಡುವ ಗಿಡ. ಆ ಬೇರು ಸೊಟ್ಟಗಾದರೆ ಅಥವಾ ಮುರಿದರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಹೀಗಾಗಿ ಕುಂಡ ಆಳವಾಗಿರಬೇಕು. ಕಟ್ಟಿದವರಿಗೆ ಗಿಡ ಗೊತ್ತಿದೆ. ಬರೆದವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬರೆದಿದ್ದಾರೆ. ನನ್ನ ಜಗಳವೆಲ್ಲ ಆ ಬರವಣಿಗೆಯ ಜೊತೆ.

ಏನು ಬರೆದಿದ್ದರು? ‘ಭಾರತದ ಎಲ್ಲ ಹವಾಮಾನಕ್ಕೂ ಒಗ್ಗುತ್ತದೆ. ಪೂರ್ಣ ಬಿಸಿಲಿನಲ್ಲಿ ಇಡಿ. ಎರಡೇ ವರ್ಷದಲ್ಲಿ ಹಣ್ಣು.’ ಮೂರು ವಾಕ್ಯ, ಮೂರೂ ತಪ್ಪು.

ಮೊದಲನೆಯದನ್ನೇ ಹಿಡಿಯಿರಿ. ಪಾವ್‌ಪಾವ್ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ, ಹೊಳೆದಂಡೆಯ ತಂಪು ಮಣ್ಣಿನಲ್ಲಿ, ದೊಡ್ಡ ಮರಗಳ ಅಡಿಯಲ್ಲಿ ತಾನಾಗಿ ಬೆಳೆಯುವ ಸಣ್ಣ ಮರ. ಪಪ್ಪಾಯಿಗೂ ಇದಕ್ಕೂ ನಂಟಿಲ್ಲ, ಇದು ಸೀತಾಫಲ, ರಾಮಫಲಗಳ ಕುಟುಂಬದ್ದು. ಆ ಕುಟುಂಬದವರೆಲ್ಲ ಬೆಚ್ಚನೆಯ ನಾಡು ಹಿಡಿದು ಕುಳಿತರೆ ಇದೊಂದು ಉತ್ತರಕ್ಕೆ ಹೋಗಿ ಹಿಮದಲ್ಲಿ ಬದುಕು ಕಟ್ಟಿಕೊಂಡಿತು. ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿಯನ್ನೂ ಎಲೆ ಉದುರಿಸಿ ನಿಂತು ತಡೆಯುತ್ತದೆ. ತಡೆಯುವುದು ಮಾತ್ರವಲ್ಲ, ಅದಕ್ಕೆ ಚಳಿ ಬೇಕೇ ಬೇಕು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಒಟ್ಟು 400 ಗಂಟೆಯಾದರೂ ಸಿಕ್ಕಿದರೆ ಮಾತ್ರ ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುತ್ತದೆ. ನಮ್ಮಲ್ಲಿ ಜನವರಿಯ ನಸುಕಿನಲ್ಲಿ ಹದಿನಾಲ್ಕು, ಹದಿನೈದು ಡಿಗ್ರಿಗೆ ಇಳಿದರೆ ಕುಂದವಾಡ ಕೆರೆಯ ಮೇಲೆ ವಾಯುವಿಹಾರಕ್ಕೆ ಬರುವವರೆಲ್ಲ ಮಂಗನ ಟೋಪಿ ಹಾಕಿಕೊಂಡು ಬರುತ್ತಾರೆ. ಏಳು ಡಿಗ್ರಿಯ ನಾನೂರು ಗಂಟೆಯನ್ನು ನಾನು ಎಲ್ಲಿಂದ ತರಲಿ? ಐಸ್ ಕಾರ್ಖಾನೆಯಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು.

ಈ ಮಾತು ಹೇಳಿದಾಗ ಪಕ್ಕದ ಮನೆಯ ಗೌಡರು, “ಬಯಲುಸೀಮೆಯಲ್ಲಿ ಸೇಬು ಬೆಳೆದು ಪೇಪರಿನಲ್ಲಿ ಬಂದಿಲ್ಲವೇ?” ಎಂದು ವಾದಕ್ಕೆ ನಿಂತರು. ಬಂದಿದೆ. ಆದರೆ ಅವು ಅಣ್ಣಾ, ಎಚ್‌ಆರ್‌ಎಂಎನ್-99ರಂಥ ತಳಿಗಳು. ಕಡಿಮೆ ಚಳಿಯಲ್ಲಿ ಫಲ ಕೊಡುತ್ತವೆಂದೇ ಆಯ್ದವು. ಎರಡನೆಯದನ್ನು ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಸೆಖೆಯ ತಗ್ಗುಪ್ರದೇಶದಲ್ಲೇ ಕಂಡು ಉಳಿಸಿಕೊಂಡದ್ದು. ಶೆನಾಂಡೋವನ್ನು ಆಯ್ದದ್ದು ಅಮೆರಿಕದ ಚಳಿಯಲ್ಲಿ, ಹಣ್ಣಿನ ಗಾತ್ರ ಮತ್ತು ರುಚಿ ನೋಡಿ. ಗೌಡರು ಒಪ್ಪಲಿಲ್ಲ. ಅವರು ಯಾವುದನ್ನೂ ಒಪ್ಪುವವರಲ್ಲ.

ಎರಡನೆಯ ವಾಕ್ಯ ಇನ್ನೂ ಅಪಾಯದ್ದು. ಎಳೆಯ ಪಾವ್‌ಪಾವ್ ನೇರ ಬಿಸಿಲಿಗೆ ಸುಟ್ಟುಹೋಗುತ್ತದೆ. ಓಹಿಯೋದ ಬಿಸಿಲಿಗೇ ಮೊದಲ ಒಂದೆರಡು ವರ್ಷ ನೆರಳು ಕಟ್ಟುತ್ತಾರೆಂದು ಮಗಳು ಹೇಳಿದಳು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಇಟ್ಟವರು ಸಂಜೆ ಕಾಫಿಗೆ ಬರುವಷ್ಟರಲ್ಲಿ ಎಲೆಯ ಅಂಚು ಹಪ್ಪಳವಾಗಿರುತ್ತದೆ. ಬೆಳೆದು ದೊಡ್ಡದಾದ ಮೇಲೆ ಬಿಸಿಲು ಬೇಕು, ಬಿಸಿಲಿದ್ದರೇ ಹಣ್ಣು ಹೆಚ್ಚು. ಅದು ಬೇರೆ ಮಾತು. ಸಸಿ ಕೊಳ್ಳುವವನಿಗೆ ಬೇಕಾದದ್ದು ಸಸಿಯ ಸಂಗತಿ.

ಮೂರನೆಯದು ಎರಡು ವರ್ಷದ ಹಣ್ಣು. ಬೀಜದಿಂದ ಬಂದ ಪಾವ್‌ಪಾವ್ ಫಲ ಕೊಡಲು ಐದರಿಂದ ಎಂಟು ವರ್ಷ. ಕಸಿ ಗಿಡವಾದರೆ ಮೂರು, ನಾಲ್ಕು. ಅದೂ ಅಲ್ಲಿಯ ಹವೆಯಲ್ಲಿ, ಬೇರೆ ಬೇರೆ ತಳಿಯ ಎರಡು ಗಿಡ ಅಕ್ಕಪಕ್ಕ ಇದ್ದರೆ. ಒಂದೇ ಗಿಡದ ಪರಾಗ ಅದೇ ಗಿಡದ ಹೂವಿಗೆ ಸಾಮಾನ್ಯವಾಗಿ ಕಟ್ಟುವುದಿಲ್ಲ. ಹಾಗಿರುವಾಗ ‘ಶೆನಾಂಡೋ ಎರಡರ ಜೋಡಿ’ ಎಂದರೇನು ಅರ್ಥ? ಕಸಿ ಮಾಡಿದ ಎರಡು ಶೆನಾಂಡೋ ಎಂದರೆ ಒಂದೇ ಮರದ ಎರಡು ತುಂಡು. ವಧೂವರರಿಬ್ಬರನ್ನೂ ಒಂದೇ ಮನೆಯಿಂದ ತಂದಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದು, ನನಗೆ ಬಂದವು ಕಸಿ ಗಿಡಗಳೇ ಅಲ್ಲ. ಕಸಿ ಗಿಡದ ಬುಡದಲ್ಲಿ, ಮಣ್ಣಿನಿಂದ ಒಂದು ಗೇಣಿನೊಳಗೆ, ಬೇರುಗಿಡಕ್ಕೂ ಮೇಲಿನ ಕಡ್ಡಿಗೂ ಬೆಸುಗೆಯಾದ ಗಂಟು ಇರಲೇಬೇಕು. ತೊಗಟೆಯ ಬಣ್ಣ ಅಲ್ಲಿ ಬದಲಾಗುತ್ತದೆ, ಕಾಂಡ ಒಂದಿಷ್ಟು ಓರೆಯಾಗುತ್ತದೆ. ಓದುವ ಕನ್ನಡಕ ಹಾಕಿಕೊಂಡು, ಮೊಮ್ಮಗನ ಭೂತಗನ್ನಡಿಯನ್ನೂ ತಂದು ನೋಡಿದೆ. ಮಣ್ಣಿನಿಂದ ತುದಿಯವರೆಗೆ ಕಾಂಡ ಒಂದೇ ಸಮ, ನುಣ್ಣಗೆ. ಬೀಜದ ಸಸಿ. ಫೋಟೊ ತೆಗೆದು ಅವರ ಗ್ರಾಹಕ ಸೇವೆಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಿದೆ.

ಗ್ರಾಹಕ ಸೇವೆಗೂ ಅಂಕ ಕೊಡಬೇಕಲ್ಲ. ಉತ್ತರ ಬೇಗ ಬರುತ್ತದೆ, ವಿನಯ ಧಾರಾಳವಾಗಿದೆ. “ಸರ್, ಕಸಿಯ ಗುರುತು ಗಿಡ ಬೆಳೆದಂತೆ ಮಾಯವಾಗುತ್ತದೆ” ಎಂದು ಬರೆದರು. ಮೊಣಕಾಲೆತ್ತರದ ಗಿಡದಲ್ಲಿ ಮಾಯವಾಗುವ ಕಸಿ ಯಾವುದು ಎಂದು ಕೇಳಿದೆ. ಕೈಮುಗಿಯುವ ಚಿತ್ರ ಬಂತು. ನಮ್ಮೂರಿನಲ್ಲಿ ಇದಕ್ಕೆ ಬೇಕಾದ ಚಳಿ ಎಷ್ಟು ಗಂಟೆ ಸಿಗುತ್ತದೆ ಎಂದು ಲೆಕ್ಕ ಮಾಡಿದ್ದೀರಾ ಎಂದು ಕೇಳಿದೆ. “ಸರ್, ನಮ್ಮ ಗಿಡಗಳನ್ನು ಭಾರತೀಯ ಹವಾಮಾನಕ್ಕೆ ಹದಗೊಳಿಸಲಾಗಿದೆ.” ಭಾರತೀಯ ಹವಾಮಾನ ಎಂಬುದೊಂದು ಇದೆಯೇ? ಲೇಹ್‌ನಲ್ಲೂ ಚಳ್ಳಕೆರೆಯಲ್ಲೂ ಒಂದೇ ಹವೆಯೇ? ಇದಕ್ಕೆ ಉತ್ತರವಾಗಿ ಮತ್ತೆ ಕೈಮುಗಿಯುವ ಚಿತ್ರ, ಜೊತೆಗೆ ಗುಲಾಬಿ.

ಕೊನೆಗೆ ಅರ್ಧ ಹಣ ವಾಪಸ್ ಕೊಡಲು ಒಪ್ಪಿದರು. ಹಣವಾಗಿ ಅಲ್ಲ, ಕೂಪನ್ ಆಗಿ. ಅವರ ಅಂಗಡಿಯಲ್ಲೇ ಖರ್ಚು ಮಾಡಬೇಕು, ಅದಕ್ಕೂ ಕೊನೆಯ ದಿನಾಂಕ. ಮಗಳು “ಬಿಡಿ ಅಪ್ಪಾಜಿ, ಹೋಗಲಿ” ಎಂದಳು. ಮನಿಯಾರ್ಡರಿನಲ್ಲಿ ಐದು ರೂಪಾಯಿ ಕಡಿಮೆ ಬಂದರೆ ವಿಚಾರಣೆ ನಡೆಯುತ್ತಿದ್ದ ಕಾಲದವನು ನಾನು, ಬಿಡುವುದು ಗೊತ್ತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಉಳಿದ ಮೊತ್ತ ಖಾತೆಗೆ ಬಂತು. ಸಾಗಣೆಯ 180 ಬರಲಿಲ್ಲ. ಅಂಥ ಪೆಟ್ಟಿಗೆಗೆ ಆ ಹಣ ಸಂದದ್ದು ನ್ಯಾಯವೇ.

ಇನ್ನು ಗಿಡ. ನಾಲ್ಕು ಅಂಕ ಕೊಟ್ಟದ್ದು ಏಕೆಂದರೆ ಗಿಡ ನಿಜವಾದ ಪಾವ್‌ಪಾವ್. ಬೇರೇನನ್ನೋ ಕಳಿಸಿ ಮೋಸ ಮಾಡಿಲ್ಲ. ಗುರುತಿಸುವುದು ಸುಲಭ. ಎಲೆ ಉದ್ದ, ಬುಡದಲ್ಲಿ ಕಿರಿದು, ತುದಿಯ ಕಡೆ ಅಗಲ, ಜೋಲು ಬಿದ್ದಿರುತ್ತದೆ. ಒಂದು ಚೂರು ಹರಿದು ಹೊಸಕಿದರೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ. ನನ್ನ ಹೆಂಡತಿಗೆ ಕಣ್ಣು ಮುಚ್ಚಿಸಿ ಮೂಸಲು ಕೊಟ್ಟೆ, “ಯಾಕೆ, ಪಲ್ಯಕ್ಕೆ ಹೆಚ್ಚುತ್ತಿದ್ದೀರಾ?” ಎಂದಳು. ಇನ್ನೊಂದು ಗುರುತು ತುದಿಮೊಗ್ಗು. ಬೇರೆ ಗಿಡಗಳ ಮೊಗ್ಗಿಗೆ ಇರುವ ಹುರುಪೆಯ ಹೊದಿಕೆ ಇದಕ್ಕಿಲ್ಲ. ಬರಿಮೈಯ, ಚಪ್ಪಟೆಯಾದ, ಕಂದು ರೋಮದ ಮೊಗ್ಗು. ಬಣ್ಣ ಮೆತ್ತಿ ಒಣಗಿದ ಸಣ್ಣ ಕುಂಚದ ತುದಿಯ ಹಾಗೆ ಕಾಣುತ್ತದೆ. ಬೆರಳಿನಿಂದ ಸವರಿದರೆ ಮಖಮಲ್ಲು. ಬರೀ ಆ ಮೊಗ್ಗನ್ನು ನೋಡುವುದಕ್ಕಾಗಿ ನಾನು ಬೆಳಿಗ್ಗೆ ಹಿತ್ತಲಿಗೆ ಹೋಗುತ್ತಿದ್ದೆ ಎಂದರೆ ಸುಳ್ಳಲ್ಲ.

ಒಂದನ್ನು ಕುಂಡದಲ್ಲೇ ಉಳಿಸಿ ಪೂರ್ವದ ಜಗಲಿಯ ಮರೆಯಲ್ಲಿಟ್ಟೆ. ಇನ್ನೊಂದನ್ನು ನುಗ್ಗೆಮರದ ಪಕ್ಕ ನೆಲಕ್ಕೆ ಹಾಕಿದೆ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಸುಣ್ಣದ ಅಂಶವೂ ಜಾಸ್ತಿ. ಪಾವ್‌ಪಾವ್‌ಗೆ ನೀರು ಬಸಿಯುವ, ಸ್ವಲ್ಪ ಹುಳಿ ಕಡೆಗಿನ ಮಣ್ಣು ಬೇಕು. ಅದಕ್ಕಾಗಿ ಆಳದ ಗುಂಡಿ ತೆಗೆಸಿ, ಕೆಮ್ಮಣ್ಣು, ಎಲೆಗೊಬ್ಬರ, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿಸಿ, ಸುತ್ತ ಹಸಿರು ಬಲೆ ಕಟ್ಟಿಸಿದೆ. ಮಳೆಗಾಲದಲ್ಲಿ ಎರಡೂ ಚೆನ್ನಾಗಿದ್ದವು. ಚಳಿಗಾಲವೆಂದು ನಾವು ಕರೆಯುವ ಕಾಲ ಬಂದಾಗ ಎಲೆ ಹಳದಿಯಾಗಿ ಉದುರಿದವು. ಅಲ್ಲಿಗೆ ಗಿಡ ಗೊಂದಲಕ್ಕೆ ಬಿತ್ತು. ಶಿವರಾತ್ರಿ ಕಳೆದು ಬೇವು, ಹೊಂಗೆ ಚಿಗುರಿ ಹಸಿರಾದರೂ ಇದು ನಿದ್ದೆ ಬಿಡಲಿಲ್ಲ. ಯುಗಾದಿಯ ಹೊತ್ತಿಗೆ ನೆಲದ ಗಿಡದಲ್ಲಿ ಕೆಳಗಿನ ಎರಡು ಮೊಗ್ಗು ಅರೆಮನಸ್ಸಿನಿಂದ ಒಡೆದವು. ತುದಿಯ ಕಂದು ಮೊಗ್ಗು ಹಾಗೆಯೇ ಒಣಗಿ, ಮುಟ್ಟಿದಾಗ ಪುಡಿಯಾಯಿತು. ಕುಂಡದ್ದು ಮೇ ತಿಂಗಳನ್ನು ದಾಟಲಿಲ್ಲ. ನೆಲದ್ದು ಇನ್ನೂ ಇದೆ, ನನ್ನ ಮೊಣಕಾಲಿಗಿಂತ ಮೇಲೆ ಬಂದಿಲ್ಲ. ಕೀಳುವುದಿಲ್ಲ, ಅದರ ಪಾಡಿಗೆ ಇರಲಿ. ಹಣ್ಣು ಕೊಡುತ್ತದೆಂದು ಮಾತ್ರ ಕಾಯುತ್ತಿಲ್ಲ.

ಸೇಬು ಬೆಳೆಯುವ ಎತ್ತರದಲ್ಲಿ, ಹಿಮಾಚಲದಲ್ಲೋ ಉತ್ತರಾಖಂಡದಲ್ಲೋ ಮನೆಯಿರುವವರು ಇದನ್ನು ಧೈರ್ಯವಾಗಿ ನೆಟ್ಟು ನೋಡಬಹುದು. ಆಗಲೂ ಎರಡು ಬೇರೆ ತಳಿ ಕೇಳಿ, ಕಸಿ ಗಂಟಿನ ಹತ್ತಿರದ ಫೋಟೊ ಕಳಿಸಲು ಹೇಳಿ, ಆಮೇಲೆ ದುಡ್ಡು ಕೊಡಿ. ಇನ್ನೊಂದು ವಿಷಯ ಮಗಳಿಂದ ತಿಳಿದದ್ದು. ಇದರ ಕೆಂಗಂದು ಹೂವಿಗೆ ಕೊಳೆತ ವಾಸನೆ, ಜೇನು ಹತ್ತಿರ ಸುಳಿಯುವುದಿಲ್ಲ, ಪರಾಗದ ಕೆಲಸ ನೊಣ ಮತ್ತು ಜೀರುಂಡೆಗಳದು. ಅಲ್ಲಿ ಕೆಲವರು ನೊಣ ಕರೆಯಲು ಮರಕ್ಕೆ ಕೋಳಿಯ ಕತ್ತು ನೇತು ಹಾಕುತ್ತಾರಂತೆ. ಇದನ್ನು ಕೇಳಿದ ಕ್ಷಣವೇ ನನ್ನ ಹೆಂಡತಿಯ ಮಟ್ಟಿಗೆ ಪಾವ್‌ಪಾವ್ ಅಧ್ಯಾಯ ಮುಗಿಯಿತು. ಸೋಮವಾರ ಈರುಳ್ಳಿಯನ್ನೂ ಮುಟ್ಟದ ಮನೆ ನಮ್ಮದು.

ಆದರೂ ಮಗಳ ಹಣ್ಣನ್ನು ಹೀಗಳೆಯಲಾರೆ. ಅಮೆರಿಕದ ನೆಲದಲ್ಲೇ ಹುಟ್ಟಿದ ತಿನ್ನುವ ಹಣ್ಣುಗಳಲ್ಲಿ ಅದೇ ದೊಡ್ಡದು. 2009ರಲ್ಲಿ ಓಹಿಯೋ ಅದನ್ನು ರಾಜ್ಯದ ನಾಡಹಣ್ಣು ಎಂದು ಘೋಷಿಸಿತು, ಆಲ್ಬನಿ ಎಂಬ ಊರಿನ ಹತ್ತಿರ 1999ರಿಂದ ಅದರ ಹೆಸರಿನಲ್ಲಿ ಹಬ್ಬವೇ ನಡೆಯುತ್ತಿದೆ. ಕೆಂಟಕಿ ಸ್ಟೇಟ್ ವಿಶ್ವವಿದ್ಯಾಲಯ 1990ರಿಂದ ಅದರ ಸಂಶೋಧನೆಗೆಂದೇ ಪ್ರತ್ಯೇಕ ಕಾರ್ಯಕ್ರಮ ಇಟ್ಟುಕೊಂಡಿದೆ. ಇಷ್ಟಿದ್ದೂ ಅಲ್ಲಿಯ ದೊಡ್ಡ ಅಂಗಡಿಗಳಲ್ಲಿ ಅದು ಸಿಗುವುದು ಅಪರೂಪ. ಹಣ್ಣಾದ ಮೇಲೆ ಹೊರಗಿಟ್ಟರೆ ಎರಡು ಮೂರು ದಿನ ತಾಳಿದರೆ ಹೆಚ್ಚು. ಈ ಒಂದು ಗುಣದಲ್ಲಿ ಮಾತ್ರ ಅದು ನಮ್ಮ ಸೀತಾಫಲದ ಸ್ವಂತ ತಮ್ಮ.

ಸೀತಾಫಲದ ಮಾತು ಬಂತು, ಈಗ ನಾನು ಮನಸಾರೆ ಹೊಗಳಬಹುದು. ಹದಡಿ ರಸ್ತೆಯ ಕಡೆ ಹೋದರೆ ಒಂದು ನರ್ಸರಿ ಇದೆ. ಹೆಸರು ಹೇಳೋಣವೆಂದರೆ ಬೋರ್ಡೇ ಇಲ್ಲ. ತಗಡಿನ ಗೇಟು, ಒಳಗೆ ಹಸಿರು ಬಲೆಯ ಚಪ್ಪರ, ಬಾಗಿಲಲ್ಲಿ ಒಂದು ನಾಯಿ. ಬೊಗಳುತ್ತದೆ, ಕಚ್ಚುವುದಿಲ್ಲ. ನಡೆಸುವವರು ಗಂಡ, ಹೆಂಡತಿ. ಗಂಡ ಗಿಡ ಎತ್ತಿಡುತ್ತಾನೆ, ವ್ಯಾಪಾರದ ಮಾತೆಲ್ಲ ಆಕೆಯದು. ಪಾವ್‌ಪಾವ್ ಬರುವುದಕ್ಕೆ ಕೆಲವು ವರ್ಷ ಮುಂಚೆಯೇ ನಾನು ಅಲ್ಲಿಂದ ಸೀತಾಫಲದ ಕಸಿ ಗಿಡ ತಂದಿದ್ದೆ.

ಆಗಲೂ ಗೌಡರು ನಕ್ಕಿದ್ದರು. ಸೀತಾಫಲಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ, ದುರ್ಗದ ಗುಡ್ಡದ ಕಲ್ಲುಬಂಡೆಗಳ ನಡುವೆ ತಾನಾಗಿ ಬೆಳೆದು ಬುಟ್ಟಿಗಟ್ಟಲೆ ಬರುತ್ತದೆ ಎಂದು. ನಿಜ, ಬರುತ್ತದೆ. ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಕಡೆಯಿಂದ ಬರುವ ಆ ಹಣ್ಣಿನ ಸಿಹಿಗೆ ಸಾಟಿಯಿಲ್ಲ. ಆದರೆ ಒಂದು ತೊಳೆ ಬಾಯಿಗಿಟ್ಟರೆ ಒಂದು ಬೀಜ, ತಿನ್ನುವುದಕ್ಕಿಂತ ಉಗಿಯುವ ಕೆಲಸವೇ ಹೆಚ್ಚು. ನಮ್ಮ ವಯಸ್ಸಿನವರ ಹಲ್ಲಿಗೆ ಅದು ಬೇಡ.

ನಾನು ಕೇಳಿದ್ದು ‘ಅರ್ಕಾ ಸಹನ’. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಮಿಶ್ರತಳಿ. ‘ಐಲ್ಯಾಂಡ್ ಜೆಮ್’ ಎಂಬ ಅಟೆಮೊಯಾ (ಅದೂ ಸೀತಾಫಲದ ಒಂದು ಮಿಶ್ರಜಾತಿಯೇ) ತಾಯಿ, ‘ಮ್ಯಾಮತ್’ ಎಂಬ ಸೀತಾಫಲ ತಂದೆ. ದೊಡ್ಡ ಹಣ್ಣು, ಬೀಜ ಬಹಳ ಕಡಿಮೆ, ಹಣ್ಣಾಗುವುದು ನಿಧಾನ, ಹಣ್ಣಾದ ಮೇಲೂ ತಾಳಿಕೆ ಹೆಚ್ಚು. ಎರಡು ಕೊಡಿ ಎಂದೆ. ಆಕೆ ಕೈ ಒರೆಸಿಕೊಳ್ಳುತ್ತಾ ಕೇಳಿದರು: “ಮನೆಯಲ್ಲಿ ಬೇರೆ ಸೀತಾಫಲ ಇದೆಯಾ, ಯಜಮಾನರೇ?”

“ಇಲ್ಲ.”

“ಹಾಗಾದರೆ ಎರಡು ಸಹನ ಕೊಡುವುದಿಲ್ಲ. ಒಂದು ಸಹನ, ಒಂದು ಬಾಲಾನಗರ ತೆಗೆದುಕೊಂಡು ಹೋಗಿ. ಬಾಲಾನಗರದ ಹೂವಿನ ಪುಡಿಯನ್ನು ಸಹನದ ಹೂವಿಗೆ ನೀವೇ ಮುಟ್ಟಿಸಬೇಕು. ಬೆಳಿಗ್ಗೆ ಏಳುತ್ತೀರಾ?”

ಸಹನ 150 ರೂಪಾಯಿ, ಬಾಲಾನಗರ 80. ಎಂದರೆ ಆಕೆ ತನ್ನ ವ್ಯಾಪಾರದಲ್ಲಿ 70 ರೂಪಾಯಿ ಕಡಿಮೆ ಮಾಡಿಕೊಂಡು ನನಗೆ ಸರಿಯಾದದ್ದನ್ನು ಕೊಟ್ಟರು. 1,899ರ ಅಂಗಡಿಯವರು ಹೇಳಬೇಕಿದ್ದ ಮಾತೂ ಇದೇ: ಎರಡು ಬೇರೆ ಗಿಡ ಬೇಕು, ನಿಮ್ಮ ಊರು ಯಾವುದು. ಆಕೆ ಇನ್ನೂ ಮುಂದೆ ಹೋಗಿ, ಚೀಲವನ್ನು ನನ್ನ ಕಣ್ಣೆತ್ತರಕ್ಕೆ ಹಿಡಿದು ಕಸಿ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಒಳಗಿನ ವಿ ಆಕಾರದ ಬೆಸುಗೆ ಕೂಡಿಕೊಂಡಿರುವುದನ್ನು ನೋಡಿ ಎಂದರು. ಗಂಟಿನ ಕೆಳಗೆ ಚಿಗುರು ಬಂದರೆ ಉಗುರಿನಿಂದಲೇ ಚಿವುಟಿ, ಬಿಟ್ಟರೆ ಕಾಡುಗಿಡ ಮೇಲೆದ್ದು ಸಹನವನ್ನು ನುಂಗುತ್ತದೆ ಎಂದು ಎಚ್ಚರಿಸಿದರು. ಈಗಲೂ ವರ್ಷಕ್ಕೆ ಕೆಲವು ಸಲ ಆ ಚಿಗುರು ಬರುತ್ತದೆ, ಚಿವುಟುತ್ತೇನೆ.

ಬೆಳಿಗ್ಗೆ ಏಳುತ್ತೀರಾ ಎಂದು ಕೇಳಿದ್ದು ಏಕೆಂದರೆ ಸೀತಾಫಲದ ಹೂವಿನ ಸ್ವಭಾವ ಹಾಗಿದೆ. ಒಂದೇ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಮೂರು ದಪ್ಪ ಹಸಿರು ದಳ ಸ್ವಲ್ಪವೇ ಬಾಯಿ ತೆರೆದಾಗ ಒಳಗಿನ ಗುಬ್ಬಿ (ಹೂವಿನ ಹೆಣ್ಣು ಭಾಗ) ಅಂಟಂಟಾಗಿ ಹೊಳೆಯುತ್ತಿರುತ್ತದೆ, ಅದು ಪರಾಗ ಹಿಡಿಯುವ ಹೊತ್ತು. ದಳ ಪೂರ್ತಿ ಅಗಲವಾಗುವಾಗ ಆ ಅಂಟು ಆರಿಹೋಗಿ, ಸುತ್ತಲಿನ ಕೇಸರಗಳಿಂದ ಪುಡಿ ಉದುರುತ್ತದೆ. ಹೀಗಾಗಿ ಒಂದು ಹೂವಿಗೆ ತನ್ನ ಪುಡಿ ತನಗೇ ಒದಗುವುದಿಲ್ಲ. ಆ ಕೆಲಸ ಮಾಡುವ ಪುಟ್ಟ ಜೀರುಂಡೆಗಳು ಊರೊಳಗಿನ ಹಿತ್ತಲುಗಳಲ್ಲಿ ಕಡಿಮೆ. ನಾನು ಬಾಲಾನಗರದ ಪೂರ್ತಿ ಅರಳಿದ ಹೂಗಳನ್ನು ಹಳೆಯ ಕುಂಕುಮದ ಭರಣಿಯೊಳಗೆ ತಟ್ಟುತ್ತೇನೆ. ತಳದಲ್ಲಿ ಕೆನೆಬಣ್ಣದ ಪುಡಿ ಕೂರುತ್ತದೆ. ಸಹನದ ಅರೆಬಾಯಿ ತೆರೆದ ಹೂವಿನ ಒಂದು ದಳವನ್ನು ಎಡಗೈಯ ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿ, ಮೊಮ್ಮಗನ ಚಿತ್ರಕಲೆಯ ಪೆಟ್ಟಿಗೆಯ ಎರಡನೆಯ ನಂಬರಿನ ಬ್ರಷ್ಷಿನಿಂದ ಆ ಗುಬ್ಬಿಯ ಸುತ್ತ ಒಂದು ಸುತ್ತು ಸವರುತ್ತೇನೆ. ಒಂದೇ ಪಕ್ಕಕ್ಕೆ ಸವರಿದರೆ ಹಣ್ಣೂ ಒಂದೇ ಪಕ್ಕ ಊದಿ, ಇನ್ನೊಂದು ಪಕ್ಕ ಸೊಟ್ಟಗಾಗುತ್ತದೆ. ಹೂವು ಹೆಚ್ಚಾಗಿ ಏಪ್ರಿಲ್, ಮೇ, ಜೂನ್‌ನಲ್ಲಿ. ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು, ಒಣಗಾಳಿಗೆ ಪರಾಗ ಬೇಗ ಸತ್ತುಹೋಗುತ್ತದೆ. ಹೂವಿರುವ ದಿನಗಳಲ್ಲಿ ಪಾತಿ ಒಣಗಲು ಬಿಡಬಾರದು.

ಮಿಕ್ಕ ಆರೈಕೆ ಸರಳ. ಎಲೆ ಉದುರಿದ ಮೇಲೆ ಫೆಬ್ರುವರಿಯಲ್ಲಿ ಕೊಂಬೆಗಳನ್ನು ಹದವಾಗಿ ಕತ್ತರಿಸಬೇಕು, ಹೊಸ ಚಿಗುರಿನ ಜೊತೆಗೇ ಹೂವು ಬರುತ್ತದೆ. ಎಲೆ ಕಹಿ, ಮೇಕೆ, ದನ ಬಾಯಿ ಹಾಕುವುದಿಲ್ಲ. ಹಿಟ್ಟುತಿಗಣೆ ಬರುತ್ತದೆ, ಅದನ್ನು ಹೊತ್ತು ಕಾಯುವ ಇರುವೆ ಹತ್ತದಂತೆ ನೋಡಿಕೊಂಡರೆ ಅರ್ಧ ಕಾಟ ತಪ್ಪಿತು. ಆಗಾಗ ಎಳೆಯ ಎಲೆ ತಿನ್ನುವ ಹಸಿರು ಹುಳು ಕಂಡರೆ ಕೊಲ್ಲಬೇಡಿ, ಹಸಿರು ಚುಕ್ಕೆಗಳ ಚೆಂದದ ಕಪ್ಪು ಚಿಟ್ಟೆಯ ಮರಿ ಅದು. ಅಮೆರಿಕದಲ್ಲಿ ಪಾವ್‌ಪಾವ್ ಎಲೆಯನ್ನೇ ನಂಬಿ ಬದುಕುವ ಕಪ್ಪು ಬಿಳಿ ಪಟ್ಟೆಯ ಚಿಟ್ಟೆ ಇದರ ಹತ್ತಿರದ ಬಂಧು. ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ. ಅದರ ಪುಡಿ ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ.

ಕಳೆದ ಸೆಪ್ಟೆಂಬರಿನಲ್ಲಿ ಮಗಳು ಎಂದಿನಂತೆ ಹಣ್ಣು ಸೀಳಿ ತೋರಿಸಿದಾಗ ನಾನೂ ಒಂದು ಸಹನವನ್ನು ಸೀಳಿ ಪರದೆಗೆ ಹಿಡಿದೆ. ಬೆಳ್ಳಗಿನ ತಿರುಳು, ಒಂದು ಹೋಳಿನಲ್ಲಿ ನಾಲ್ಕೇ ಬೀಜ. ಮಾತು ನಿಲ್ಲಿಸಿ ನೋಡಿದಳು. “ಅಪ್ಪಾಜಿ, ಅದರ ಬೆಲೆ ಎಷ್ಟು?” ಎಂದಳು. ಗಿಡದ ಬೆಲೆ 150 ಎಂದೆ. 1,899ರ ವಿಷಯ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬೋರ್ಡಿಲ್ಲದ ನರ್ಸರಿಗೆ ದೂರುಗಳೂ ಇವೆ, ಬರೆಯದಿದ್ದರೆ ಪಕ್ಷಪಾತವಾಗುತ್ತದೆ. ಪ್ಯಾಕಿಂಗ್ ಎಂಬ ಮಾತೇ ಇಲ್ಲ. ಗಿಡವನ್ನು ಹಳೆಯ ರಸಗೊಬ್ಬರದ ಚೀಲದಲ್ಲಿಟ್ಟು ಕೈಗೆ ಕೊಡುತ್ತಾರೆ, ಸ್ಕೂಟರಿನಲ್ಲಿ ತರುವಾಗ ಗಾಳಿಗೆ ಎಲೆ ಹರಿಯುತ್ತದೆ. ರಶೀದಿ ಕೊಡುವುದಿಲ್ಲ, ತಳಿಯ ಚೀಟಿಯನ್ನು ನೀವೇ ಕೇಳಿ ಕಟ್ಟಿಸಿಕೊಳ್ಳಬೇಕು. ಕಳೆದ ಬಾರಿ ರಾಮಫಲ ಕೇಳಿದಾಗ ಇಲ್ಲವೆಂದರು, ಯಾವಾಗ ಬರುತ್ತದೆ ಎಂದರೆ “ಬಂದಾಗ” ಎಂದರು. ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ಹೋದರೆ ಆಯ್ಕೆ ಚೆನ್ನಾಗಿರುತ್ತದೆ, ಜುಲೈ ಹೊತ್ತಿಗೆ ಒಳ್ಳೆಯ ಗಿಡಗಳೆಲ್ಲ ಖಾಲಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಇಬ್ಬರೂ ಮಲಗಿರುತ್ತಾರೆ. ಫೋನ್‌ನಲ್ಲಿ ಹಣ ಕಳಿಸುವ ವ್ಯವಸ್ಥೆ ಇಲ್ಲ, ಐನೂರರ ನೋಟಿಗೆ ಚಿಲ್ಲರೆಯೂ ಇರುವುದಿಲ್ಲ. ಸರಿಯಾದ ಹಣ ಎಣಿಸಿಕೊಂಡು ಹೋಗಿ.